ಕಯೋಟಿಯ ತಲೆಗೆ ಐವತ್ತು ಡಾಲರ್

ಅಮೆರಿಕದ ಯೂಟಾ ರಾಜ್ಯದಲ್ಲಿ ಒಂದು ಕಯೋಟಿಯನ್ನು ಕೊಂದು, ಎರಡೂ ಕಿವಿಗಳಿರುವ ಅದರ ನೆತ್ತಿಯ ಚರ್ಮವನ್ನೂ ಕೆಳದವಡೆಯನ್ನೂ ತಂದೊಪ್ಪಿಸಿದವರಿಗೆ ಸರ್ಕಾರ 50 ಡಾಲರ್ ಕೊಡುತ್ತದೆ. ಈ ಇನಾಮು ಬೇಕೆನ್ನುವವರು ಮೊದಲೇ ಹೆಸರು ನೋಂದಾಯಿಸಿರಬೇಕು, ಕೊಂದ ಜಾಗವನ್ನು ದಾಖಲಿಸಬೇಕು. ಇನಾಮು ಬೇಡವೆನ್ನುವವರಿಗೆ ಅಷ್ಟೂ ಬೇಕಿಲ್ಲ. ಕಯೋಟಿಯನ್ನು ಕೊಲ್ಲಲು ಅಲ್ಲಿ ಪರವಾನಗಿ ಬೇಡ, ಇಂಥದೇ ಕಾಲವೆಂಬ ಕಟ್ಟುಪಾಡಿಲ್ಲ, ಇಷ್ಟೇ ಎಂಬ ಮಿತಿಯೂ ಇಲ್ಲ. ಈ ಬೇಟೆ ನಡೆಯುವ ಬಯಲುಗಳಲ್ಲಿ ಬಹಳಷ್ಟು ಯಾರ ಖಾಸಗಿ ಸ್ವತ್ತೂ ಅಲ್ಲ. ದೇಶದ ಎಲ್ಲರಿಗೂ ಸೇರಿದ ಸಾರ್ವಜನಿಕ ಭೂಮಿ. ಇದೇ ರಾಜ್ಯದಲ್ಲಿ ನೆಲೆಸಿ, ಬಿಡುವಾದಾಗಲೆಲ್ಲ ಆ ಬಯಲುಗಳಲ್ಲಿ ನಡೆಯುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕುರಿ ಹಿಡಿಯುವ ಕಯೋಟಿಯನ್ನು ಕೊಲ್ಲುವುದಕ್ಕೆ ನನ್ನ ತಕರಾರಿಲ್ಲ. ಸಿಕ್ಕಿದ್ದನ್ನೆಲ್ಲ ಕೊಲ್ಲಿರೆಂದು ಸಾರ್ವಜನಿಕ ಭೂಮಿಯಲ್ಲಿ ಅನುಮತಿ ಕೊಡುವುದಕ್ಕೆ, ಅದಕ್ಕೆ ಹಣ ಸುರಿಯುವುದಕ್ಕೆ, ಅದನ್ನೊಂದು ಸ್ಪರ್ಧೆಯಾಗಿಸುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ.

ಕಯೋಟಿಯನ್ನು ಕಾಣದವರಿಗೆ ಹೇಳುವುದಾದರೆ, ಅದು ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಇಲಿ, ಮೊಲ, ಹಣ್ಣು, ಸತ್ತ ಪ್ರಾಣಿ, ಸಿಕ್ಕಾಗ ಜಿಂಕೆಮರಿ ಮತ್ತು ಕುರಿಮರಿ ಅದರ ಆಹಾರ. ಸಾರ್ವಜನಿಕ ಭೂಮಿ ಎಂಬುದನ್ನು ನಮ್ಮ ಊರಿನ ಗೋಮಾಳದ ಹಾಗೆ ಊಹಿಸಿಕೊಳ್ಳಬಹುದು. ಆದರೆ ಅದರ ವಿಸ್ತಾರ ಊಹೆಗೆ ಮೀರಿದ್ದು. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಇಲಾಖೆಯೊಂದರ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ, ಅಂದರೆ ಐದು ಕರ್ನಾಟಕಗಳಷ್ಟು. ಅರಣ್ಯ ಸೇವೆಯ 19.3 ಕೋಟಿ ಎಕರೆ ಇದಕ್ಕೆ ಹೊರತು. ಅಲ್ಲಿ ಯಾರು ಬೇಕಾದರೂ ನಡೆಯಬಹುದು, ಡೇರೆ ಹಾಕಬಹುದು. ಪರವಾನಗಿ ಪಡೆದವರು ಶುಲ್ಕ ಕಟ್ಟಿ ದನ ಕುರಿ ಮೇಯಿಸಬಹುದು. ಬಹುಪಾಲು ಕಡೆ ಬೇಟೆಯನ್ನೂ ಆಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ನೆಲ ಕೇಂದ್ರ ಸರ್ಕಾರದ್ದಾದರೂ, ಅದರ ಮೇಲೆ ಓಡಾಡುವ ಪ್ರಾಣಿಗಳ ಬೇಟೆಯ ನಿಯಮಗಳನ್ನು ಸಾಮಾನ್ಯವಾಗಿ ಮಾಡುವುದು ರಾಜ್ಯಗಳು. ನೆಲ ಇಡೀ ದೇಶದ ಜನರದು, ಅಲ್ಲಿರುವ ಪ್ರಾಣಿಯ ಹಣೆಬರಹ ಮಾತ್ರ ಒಂದು ರಾಜ್ಯದ ಶಾಸನಸಭೆಯ ಕೈಯಲ್ಲಿ. ಕಯೋಟಿ ಬೇಟೆಯ ಜಗಳ ಮತ್ತೆ ಮತ್ತೆ ಹೊತ್ತಿಕೊಳ್ಳುವುದು ಈ ಸಂಧಿಯಲ್ಲಿಯೇ.

ಕುರಿಗಾರರ ಮಾತನ್ನು ಮೊದಲು ಕೇಳಬೇಕು, ಏಕೆಂದರೆ ನಷ್ಟ ಅವರದ್ದು. ಯೂಟಾದ ಕುರಿಮಂದೆಗಳು ಬೇಸಿಗೆಯಲ್ಲಿ ಬೆಟ್ಟ ಹತ್ತಿ, ಚಳಿಗಾಲಕ್ಕೆ ಪಶ್ಚಿಮದ ಮರುಭೂಮಿಗೆ ಇಳಿಯುತ್ತವೆ. ಅವುಗಳ ಜೊತೆ ಇರುವವರು ಹೆಚ್ಚಾಗಿ ಪೆರು ದೇಶದಿಂದ ತಾತ್ಕಾಲಿಕ ವೀಸಾದಲ್ಲಿ ಬಂದ ಕುರಿಗಾಹಿಗಳು. ಗಾಲಿಯ ಮೇಲಿನ ಪುಟ್ಟ ಕೋಣೆಯೇ ಅವರ ಮನೆ. ಅಂಥ ಒಬ್ಬರು ಸತ್ತ ಮರಿಯೊಂದರ ಕೊರಳಿನ ಚರ್ಮವನ್ನು ಚಾಕುವಿನಿಂದ ಬಿಡಿಸಿ ನನಗೆ ತೋರಿಸಿದ್ದರು. ದವಡೆಯ ಕೆಳಗೆ ಕೋರೆಹಲ್ಲಿನ ತೂತುಗಳಿದ್ದವು; ಅದರ ಸುತ್ತ ಚರ್ಮದ ಒಳಮೈಯಲ್ಲಿ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ರಕ್ತ ಹೀಗೆ ಹರಡಿದ್ದರೆ ಕಚ್ಚಿದಾಗ ಮರಿ ಬದುಕಿತ್ತೆಂದು ಅರ್ಥ, ಹರಡದಿದ್ದರೆ ಮೊದಲೇ ಸತ್ತ ಮರಿಯನ್ನು ಕಯೋಟಿ ತಿಂದಿದೆ ಎಂದು ಅರ್ಥ. ಕುರಿಗಾಹಿಗಳು ಕಂಡದ್ದನ್ನೆಲ್ಲ ಕಯೋಟಿಯ ತಲೆಗೆ ಕಟ್ಟುತ್ತಾರೆಂದು ನಗರದಲ್ಲಿ ಕುಳಿತು ದೂರುವವರು ಈ ಪರೀಕ್ಷೆಯನ್ನು ಒಮ್ಮೆ ನೋಡಬೇಕು. ಕೇಂದ್ರ ಕೃಷಿ ಇಲಾಖೆಯ 2014ರ ಲೆಕ್ಕದಲ್ಲಿಯೂ, ಹಿಂಸ್ರಪ್ರಾಣಿಗಳಿಂದ ಸತ್ತ ಕುರಿ ಮತ್ತು ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಯೋಟಿಗಳ ಪಾಲು. ನಷ್ಟ ನಿಜವೇ.

ಹಾಗಾದರೆ ಕಯೋಟಿಗಳನ್ನು ಕಂಡಲ್ಲಿ ಕೊಂದರೆ ಆ ನಷ್ಟ ತಗ್ಗುತ್ತದೆಯೇ ಎಂಬ ಪ್ರಶ್ನೆಯಲ್ಲಿ ವಾದದ ತಿರುಳಿದೆ. 1931ರ ಕಾಯ್ದೆಯೊಂದರ ಬಲದಿಂದ ಕೇಂದ್ರ ಸರ್ಕಾರ ಈ ಪ್ರಾಣಿಯ ಮೇಲೆ ವಿಷ, ಬೋನು, ಉರುಲು, ಕೋವಿ, ಕೊನೆಗೆ ವಿಮಾನವನ್ನೂ ಪ್ರಯೋಗಿಸಿತು. ಇಂದಿಗೂ ವೈಲ್ಡ್‌ಲೈಫ್ ಸರ್ವಿಸಸ್ ಎಂಬ ಅದರ ಅಂಗಸಂಸ್ಥೆ ದೊಡ್ಡ ಸಂಖ್ಯೆಯಲ್ಲಿ ಕಯೋಟಿಗಳನ್ನು ಕೊಲ್ಲುತ್ತಿದೆ. 2021ರಲ್ಲಿ ಆ ಸಂಖ್ಯೆ ಅರವತ್ತು ಸಾವಿರವನ್ನು ಮೀರಿತ್ತು. ಇಷ್ಟಾದರೂ, ಒಂದು ಕಾಲಕ್ಕೆ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಕಯೋಟಿ ಇಂದು ಹವಾಯಿಯೊಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ. ತೋಳಗಳನ್ನು ಮನುಷ್ಯರು ನಿರ್ನಾಮ ಮಾಡಿದಾಗ ತೆರವಾದ ಜಾಗವನ್ನು ಅದು ತುಂಬಿಕೊಂಡಿತು. 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬಿಬ್ಬರು ಗಣಿತದ ಮಾದರಿಯೊಂದನ್ನು ಕಟ್ಟಿ, ವರ್ಷಕ್ಕೆ ಶೇ. 75ರಷ್ಟು ಕಯೋಟಿಗಳನ್ನು ಕೊಲ್ಲುತ್ತಾ ಹೋದರೂ ಅವು ಇಲ್ಲವಾಗಲು ಐವತ್ತಕ್ಕೂ ಹೆಚ್ಚು ವರ್ಷ ಬೇಕೆಂದು ತೋರಿಸಿದರು. ಸಂಖ್ಯೆ ಕುಗ್ಗಿದಲ್ಲಿ ಉಳಿದವಕ್ಕೆ ಮೇವು ಹೆಚ್ಚುತ್ತದೆ, ಈದ ಮರಿಗಳಲ್ಲಿ ಬದುಕುವವು ಹೆಚ್ಚುತ್ತವೆ, ಗುಂಪಿನ ಹಿರಿಯ ಜೋಡಿ ಸತ್ತರೆ ಅದುವರೆಗೆ ಮರಿ ಹಾಕದಿದ್ದ ಕಿರಿಯ ಹೆಣ್ಣುಗಳೂ ಮರಿ ಹಾಕುತ್ತವೆ, ಖಾಲಿಯಾದ ಸೀಮೆಗೆ ಹೊರಗಿನ ಅಲೆಮಾರಿ ಕಯೋಟಿಗಳು ಬಂದು ಸೇರುತ್ತವೆ.

ಕುರಿಗಾರರಿಗೆ ಇನ್ನೂ ಹತ್ತಿರದ ಸಂಗತಿ ಕ್ಯಾಲಿಫೋರ್ನಿಯಾದ ಹಾಪ್‌ಲೆಂಡ್ ಸಂಶೋಧನಾ ಕೇಂದ್ರದಿಂದ ಬಂತು. ಅಲ್ಲಿ ಕುರಿ ಕೊಲ್ಲುತ್ತಿದ್ದವು ಹೆಚ್ಚಾಗಿ ಮರಿ ಸಾಕುತ್ತಿದ್ದ ಹಿರಿಯ ಜೋಡಿಗಳು. ಆ ಜೋಡಿಯನ್ನೇ ಗುರುತಿಸಿ ತೆಗೆದಾಗ ನಷ್ಟ ಕೆಲಕಾಲ ತಗ್ಗಿತು. ಸಿಕ್ಕಸಿಕ್ಕವನ್ನು ಕೊಂದಾಗ ತಗ್ಗಲಿಲ್ಲ. ಯೂಟಾದಲ್ಲಿಯೇ ನಡೆದ ಇನ್ನೊಂದು ಅಧ್ಯಯನದಲ್ಲಿ ಕೆಲವು ಗುಂಪುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಮತ್ತೆ ಬಿಟ್ಟಾಗ, ಅವು ತಮ್ಮ ಸೀಮೆಯನ್ನು ಕಾಯ್ದುಕೊಂಡೇ ಉಳಿದವು, ಹೊಟ್ಟೆ ತುಂಬಿಸಬೇಕಾದ ಮರಿಗಳಿಲ್ಲದ್ದರಿಂದ ಕೊಂದ ಕುರಿಮರಿಗಳೂ ತೀರಾ ಕಡಿಮೆಯಾದವು. ಅಂದರೆ ಕುರಿಯ ತಂಟೆಗೆ ಹೋಗದೆ ತನ್ನ ಸೀಮೆಯಲ್ಲಿ ನೆಲೆ ನಿಂತಿರುವ ಕಯೋಟಿ ಒಂದು ರೀತಿಯಲ್ಲಿ ಆ ಮಂದೆಯ ಕಾವಲುಗಾರ. ಐವತ್ತು ಡಾಲರಿನ ಆಸೆಗೆ ಎಲ್ಲೋ ಅರವತ್ತು ಮೈಲಿ ಆಚೆ ಅದನ್ನು ಕೊಂದವರು ಯಾವ ಕುರಿಗಾರನಿಗೂ ಉಪಕಾರ ಮಾಡುತ್ತಿಲ್ಲ.

ಯೂಟಾದ ಇನಾಮಿಗೆ ಕೊಟ್ಟ ಕಾರಣವಂತೂ ಕುರಿಯೇ ಅಲ್ಲ, ಮ್ಯೂಲ್ ಡಿಯರ್ ಎಂಬ ಅಗಲ ಕಿವಿಯ ಜಿಂಕೆ. ಅದರ ರಕ್ಷಣೆಯ ಹೆಸರಿನಲ್ಲಿಯೇ 2012ರ ಕಾನೂನು ಬಂತು. ಆದರೆ ನೆರೆಯ ಐಡಹೋ ರಾಜ್ಯದ ಆಗ್ನೇಯ ಭಾಗದಲ್ಲಿ 1997ರಿಂದ 2003ರವರೆಗೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಕಯೋಟಿಗಳನ್ನು ತೆಗೆದುದರಿಂದ ಈ ಜಿಂಕೆಗಳ ಸಂಖ್ಯೆ ಏರಲಿಲ್ಲವೆಂದೂ, ಚಳಿಗಾಲದ ಬಿರುಸೇ ಅವುಗಳ ಏರಿಳಿತದ ಮುಖ್ಯ ಕಾರಣವೆಂದೂ ತೋರಿಸಿತ್ತು. ಫಲಿತಾಂಶ ಕಣ್ಣಮುಂದಿದ್ದಾಗಲೇ ಕಾನೂನು ಬಂತು ಎಂಬುದು ನನಗೆ ಅತ್ಯಂತ ಬೇಸರದ ಸಂಗತಿ. ಬ್ರಿಟಿಷರ ಕಾಲದಲ್ಲಿ ನಮ್ಮ ನಾಡಿನಲ್ಲೂ ಹುಲಿ, ತೋಳಗಳ ತಲೆಗೆ ಇನಾಮು ಇತ್ತು. ಲೆಕ್ಕಕ್ಕೆ ಸಿಗುವುದು ತಂದ ತಲೆಗಳೇ ಹೊರತು ಉಳಿದ ಜಾನುವಾರುಗಳಲ್ಲ. ಪಶ್ಚಿಮ ಮರುಭೂಮಿಯ ಮಣ್ಣುರಸ್ತೆಯೊಂದರ ಬದಿಯಲ್ಲಿ, ಸೇಜ್ ಪೊದೆಗಳ ನಡುವೆ, ಒಂದರ ಮೇಲೊಂದು ಎಸೆದ ಕಯೋಟಿಗಳನ್ನು ನಾನು ನೋಡಿದ್ದೇನೆ. ಚಳಿಗಾಲದ ದಟ್ಟ ತುಪ್ಪಳ ಹಾಗೆಯೇ ಇತ್ತು. ನೆತ್ತಿಯ ಚರ್ಮ ಮತ್ತು ಕೆಳದವಡೆ ಮಾತ್ರ ಇರಲಿಲ್ಲ. ಮಾಂಸಕ್ಕಾಗಿ ಜಿಂಕೆ ಹೊಡೆದು, ಒಂದು ತುಂಡನ್ನೂ ಹಾಳುಮಾಡದೆ ಹೊತ್ತು ತರುವ ಬೇಟೆಗಾರರು ನನ್ನ ಪರಿಚಯದಲ್ಲಿದ್ದಾರೆ. ಅವರನ್ನು ನಾನು ಗೌರವಿಸುತ್ತೇನೆ. ಈ ರಾಶಿಯನ್ನು ಬೇಟೆಯೆನ್ನಲು ಅವರಿಗೂ ಮನಸ್ಸು ಒಪ್ಪುವುದಿಲ್ಲ.

ಸ್ಪರ್ಧೆಗಳ ವಿಷಯದಲ್ಲಿ ಜನಾಭಿಪ್ರಾಯ ವೇಗವಾಗಿ ಬದಲಾಗಿದೆ. ಅತಿ ಹೆಚ್ಚು ಕಯೋಟಿಗಳನ್ನು ಕೊಂದವರಿಗೆ, ಅತಿ ತೂಕದ ಕಯೋಟಿ ತಂದವರಿಗೆ ನಗದು, ಬಂದೂಕುಗಳನ್ನು ಬಹುಮಾನವಾಗಿ ಕೊಡುವ ಕೂಟಗಳಿವು. ಗಾಯಗೊಂಡ ಮೊಲದ ಚೀರಾಟವನ್ನು ಹೊರಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಪೊದೆಯಲ್ಲಿಟ್ಟು, ಹಸಿದು ಓಡಿಬಂದ ಪ್ರಾಣಿಗೆ ದೂರದಿಂದ ಗುಂಡು ಹೊಡೆಯುವುದು ಸಾಮಾನ್ಯ ವಿಧಾನ. ಐಡಹೋದ ಸ್ಯಾಮನ್ ಊರಿನಲ್ಲಿ 2013ರ ಡಿಸೆಂಬರಿನಲ್ಲಿ ತೋಳ ಮತ್ತು ಕಯೋಟಿಗಳ ಬೇಟೆ ಸ್ಪರ್ಧೆ ನಡೆಯಿತು. ತೋಳ ಒಂದೂ ಸಿಗಲಿಲ್ಲ, 21 ಕಯೋಟಿಗಳು ಸತ್ತವು. ಮರುವರ್ಷ ನವೆಂಬರಿನಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ತನ್ನ ಭೂಮಿಯಲ್ಲಿ ಐದು ವರ್ಷ ಇದನ್ನು ನಡೆಸಲು ಅನುಮತಿ ಕೊಟ್ಟು, ಮೊಕದ್ದಮೆ ಬೀಳುತ್ತಲೇ ಅದೇ ತಿಂಗಳು ಹಿಂತೆಗೆದುಕೊಂಡಿತು. ಕ್ಯಾಲಿಫೋರ್ನಿಯಾ 2014ರಲ್ಲಿ ಇಂಥ ಬಹುಮಾನಗಳನ್ನು ನಿಷೇಧಿಸಿತು. ವರ್ಮಾಂಟ್, ನ್ಯೂ ಮೆಕ್ಸಿಕೋ, ಅರಿಜೋನಾ, ಮ್ಯಾಸಚೂಸೆಟ್ಸ್, ಕೊಲರಾಡೋ, ವಾಷಿಂಗ್ಟನ್, ಮೇರಿಲ್ಯಾಂಡ್, ಆರೆಗಾನ್, ನ್ಯೂಯಾರ್ಕ್ ಒಂದೊಂದಾಗಿ ಅದೇ ದಾರಿ ಹಿಡಿದವು. ಯೂಟಾ ಆ ಪಟ್ಟಿಯಲ್ಲಿಲ್ಲ.

ಕಯೋಟಿಯ ಮೇಲೆ ಹಾರಿಸಿದ ಗುಂಡು ಕಯೋಟಿಗೇ ತಗಲುತ್ತದೆಂಬ ಖಾತ್ರಿಯೂ ಇಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ 1987ರಿಂದ ಕಾಡಿಗೆ ಮರಳಿಸಲಾದ ಕೆಂಪು ತೋಳ ನೋಟಕ್ಕೆ ಕಯೋಟಿಯಂತೆಯೇ ಇರುತ್ತದೆ. ಅಳಿವಿನಂಚಿನ ಆ ಪ್ರಾಣಿಗಳು ತಪ್ಪು ಗುರುತಿನಿಂದ ಸಾಯುತ್ತಿದ್ದುದರಿಂದ, 2014ರ ಮೇ ತಿಂಗಳಲ್ಲಿ ಕೇಂದ್ರ ನ್ಯಾಯಾಧೀಶರೊಬ್ಬರು ಅವು ವಾಸಿಸುವ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಯನ್ನೇ ತಡೆಯಬೇಕಾಯಿತು. ವಿಷದ ಕಥೆ ಇನ್ನೂ ಕರಾಳ. 2017ರಲ್ಲಿ ಐಡಹೋದ ಪೊಕಟೆಲ್ಲೋ ಬಳಿ ನಾಯಿಯೊಂದಿಗೆ ಗುಡ್ಡ ಹತ್ತಿದ 14 ವರ್ಷದ ಹುಡುಗನೊಬ್ಬ, ಕಯೋಟಿಗಳಿಗೆಂದು ನೆಲದಲ್ಲಿ ನೆಟ್ಟಿದ್ದ ಸಯನೈಡ್ ಸಾಧನವನ್ನು ಮುಟ್ಟಿದ. ಅವನು ಬದುಕಿಕೊಂಡ, ನಾಯಿ ಅವನ ಎದುರೇ ಸತ್ತಿತು. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ತನ್ನ ಭೂಮಿಯಲ್ಲಿ ಈ ಸಾಧನಗಳನ್ನು ನಿಲ್ಲಿಸಿದ್ದು 2023ರಲ್ಲಿ.

ಇದೆಲ್ಲ ಹಳ್ಳಿಗರ ಬದುಕಿನ ಮೇಲೆ ನಗರದವರ ಸವಾರಿ ಎಂಬ ಆಕ್ಷೇಪ ಇಲ್ಲಿ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಅದರಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾರೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯನ್ನು ನಾನು ಮತ್ತೆ ಮತ್ತೆ ಎತ್ತಿಹೇಳುವುದು ಅದೇ ಕಾರಣಕ್ಕೆ. 2000ದ ಹೊತ್ತಿಗೆ ಅಲ್ಲಿಯವರು ವೈಲ್ಡ್‌ಲೈಫ್ ಸರ್ವಿಸಸ್ ಜೊತೆಗಿನ ಒಪ್ಪಂದವನ್ನು ಕೈಬಿಟ್ಟು, ಕಾವಲುನಾಯಿ, ಗಟ್ಟಿ ಬೇಲಿ, ರಾತ್ರಿಯ ದೊಡ್ಡಿಗಳ ಖರ್ಚಿನಲ್ಲಿ ಕುರಿಗಾರರಿಗೆ ಪಾಲು ಕೊಡತೊಡಗಿದರು. ತಮ್ಮ ಭೂಮಿಯಲ್ಲಿ ಕುರಿ ಹಿಡಿಯುವ ಕಯೋಟಿಯನ್ನು ಹೊಡೆಯುವ ಹಕ್ಕನ್ನು ಅವರಿಂದ ಯಾರೂ ಕಸಿದುಕೊಳ್ಳಲಿಲ್ಲ. ಬೇಲಿ ಹಾಕಲಾಗದ ಯೂಟಾದ ಬಯಲಿಗೆ ಇದು ಹಾಗೆಯೇ ಹೊಂದದು ಎಂಬುದು ನಿಜ. ಆದರೆ ನಾಯಿಗಳು ಹೊಂದುತ್ತವೆ, ಗ್ರೇಟ್ ಪಿರನೀಸ್ ತಳಿಯ ಬಿಳಿಯ ನಾಯಿಗಳು ಇಲ್ಲಿನ ಮಂದೆಗಳಲ್ಲಿ ಈಗಾಗಲೇ ದುಡಿಯುತ್ತಿವೆ.

ಇನಾಮಿನ ಕಾನೂನನ್ನು ಮಾಡಿದ್ದು ಶಾಸನಸಭೆಯಾದ್ದರಿಂದ ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿದ್ದೇನೆ. ಕಯೋಟಿಯ ತಲೆಗೆ ಕೊಡುವ ಹಣವನ್ನು ಕುರಿಗಾರರ ಕಾವಲುನಾಯಿಗಳಿಗೂ ಮರಿ ಹಾಕುವ ಕಾಲದಲ್ಲಿ ಇನ್ನೊಬ್ಬ ಕುರಿಗಾಹಿಯ ಕೂಲಿಗೂ ಕೊಡಬೇಕು, ಸಾರ್ವಜನಿಕ ಭೂಮಿಯಲ್ಲಿ ಬಹುಮಾನದ ಬೇಟೆಯನ್ನು ನಿಲ್ಲಿಸಬೇಕು, ನಷ್ಟವಾದ ಮಂದೆಯ ಸುತ್ತಲಿನ ಸೀಮೆಯಲ್ಲಿ ಮಾತ್ರ, ಚರ್ಮ ಬಿಡಿಸಿ ನೋಡಿ ಖಚಿತಪಡಿಸಿಕೊಂಡ ಮೇಲೆ ಮಾತ್ರ, ಕೊಲ್ಲಲು ಅನುಮತಿ ಇರಬೇಕು ಎಂದು ಅದರಲ್ಲಿ ಕೇಳಿದ್ದೇನೆ. ಯೂಟಾದಲ್ಲಿರುವ ಕನ್ನಡಿಗರು, ಮತದಾನದ ಹಕ್ಕು ಇರಲಿ ಇಲ್ಲದಿರಲಿ, ತಮ್ಮ ಕ್ಷೇತ್ರದ ಶಾಸಕರಿಗೂ ಹೀಗೆ ಬರೆಯಬಹುದು. ವನ್ಯಜೀವಿ ಮಂಡಳಿಯ ಸಭೆಗಳಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶವೂ ಇದೆ.