ಮೂರನೇ ಪ್ರಶ್ನೆ

“ಸುಮ್ನೆ ಇಂಗ್ಲಿಷ್ ಅಂತ ಬರ್ದ್ಬಿಡು. ಅವರಿಗೇನು ಗೊತ್ತಾಗತ್ತೆ?”

ಸೋಮವಾರದಿಂದ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ಇಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಎಷ್ಟೋ ಶಾಲೆ ಜುಲೈಗೇ ಶುರು. ಮಗಳನ್ನು ಸೇರಿಸಲು ಹೋದರೆ ಕೈಗೊಂದು ಹಾಳೆ, ಅದರಲ್ಲಿ ಮೂರು ಪ್ರಶ್ನೆ: ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ, ಮಗು ಹೆಚ್ಚಾಗಿ ಆಡುವ ಭಾಷೆ, ಮಗು ಮೊದಲು ಕಲಿತ ಭಾಷೆ. ಒಂದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಉತ್ತರ ಬಂದರೂ ಅಝೆಲ್ಲಾ ಅನ್ನುವ ಇಂಗ್ಲಿಷ್ ಪರೀಕ್ಷೆ ಕಟ್ಟಿಟ್ಟದ್ದು.

ಜೊತೆಗೆ ಬಂದಿದ್ದ ಗೆಳತಿ ಕೆಟ್ಟವಳಲ್ಲ. ಹೆರಿಗೆಯಾದಾಗ ತಿಂಗಳುಗಟ್ಟಲೆ ಅಡುಗೆ ತಂದುಕೊಟ್ಟವಳು. ಆದರೆ ಅವಳ ಮಗ, ಊರಿನಿಂದ ಅಜ್ಜಿ “ಊಟ ಆಯ್ತಾ ಪುಟ್ಟಾ” ಅಂದರೆ ಅಮ್ಮನ ಮುಖ ನೋಡುತ್ತಾನೆ.

ಅವಳ ಹೆದರಿಕೆಗೂ ಕಾರಣವಿದೆ. 2000ದಲ್ಲಿ ಅರಿಜೋನಾದ ಮತದಾರರು 203ನೇ ಪ್ರಸ್ತಾವ ಒಪ್ಪಿ, ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷಿನಲ್ಲೇ ಕಲಿಸಿ ಎಂದುಬಿಟ್ಟರು. ಆಮೇಲೆ ಈ ಪರೀಕ್ಷೆಯಲ್ಲಿ ಸೋತವರಿಗೆ ಬಂದದ್ದು ದಿನಕ್ಕೆ ನಾಲ್ಕು ಗಂಟೆ ಬರೀ ಇಂಗ್ಲಿಷ್. ಉಳಿದ ಮಕ್ಕಳು ವಿಜ್ಞಾನ, ಸಮಾಜ ಓದುವ ಹೊತ್ತಿಗೆ ಇವರು ಬೇರೆ ಕೋಣೆಯಲ್ಲಿ. ಅದು ಎರಡು ಗಂಟೆಗೆ ಇಳಿದದ್ದು 2019ರಲ್ಲಿ. ಆಗ ಚುನಾಯಿತ ಮಂಡಳಿಯಿದ್ದು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಈ ಮಕ್ಕಳನ್ನೂ ಅರ್ಧ ದಿನ ಸ್ಪ್ಯಾನಿಷ್, ಅರ್ಧ ದಿನ ಇಂಗ್ಲಿಷ್ ಇರುವ ತರಗತಿಗೆ ಸೇರಿಸಿಕೊಂಡವು. 2023ರಲ್ಲಿ ರಾಜ್ಯದ ಶಿಕ್ಷಣ ಮುಖ್ಯಸ್ಥ ಟಾಮ್ ಹಾರ್ನ್ ಇದು 203ಕ್ಕೆ ವಿರುದ್ಧ ಎಂದು ಆ ಡಿಸ್ಟ್ರಿಕ್ಟ್‌ಗಳ ಮೇಲೆ ಮೊಕದ್ದಮೆಯನ್ನೇ ಹೂಡಿದರು. ಮರುವರ್ಷ ನ್ಯಾಯಾಲಯ ಅದನ್ನು ವಜಾ ಮಾಡಿತು. ಪೌರತ್ವವಿಲ್ಲದೆ ತಮಗೆ ಮತ ಹಾಕಲಾರದ ತಾಯಂದಿರ ಮಕ್ಕಳಿಗಾಗಿಯೂ ಕೋರ್ಟಿಗೆ ಹೋಗಿ ನಿಂತ ಆ ಡಿಸ್ಟ್ರಿಕ್ಟ್‌ಗಳ ಬಗ್ಗೆ ನನಗೆ ತುಂಬಾ ಗೌರವ.

ನಾನು ಓದಿದ್ದು ತಿಪಟೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ. ಎಬಿಸಿಡಿ ಕಂಡದ್ದು ಐದನೇ ಕ್ಲಾಸಿನಲ್ಲಿ. ಭಿನ್ನರಾಶಿಯನ್ನು ಮೇಷ್ಟ್ರು ಹೋಳಿಗೆ ಕತ್ತರಿಸಿ ತೋರಿಸಿದ್ದರು. ಇಂಗ್ಲಿಷ್ ಬಂದ ಮೇಲೆ ಅದನ್ನು ಯಾರೂ ಮತ್ತೆ ಕಲಿಸಬೇಕಾಗಲಿಲ್ಲ. ಅರ್ಧ ದಿನ ಸ್ಪ್ಯಾನಿಷಿನಲ್ಲಿ ಲೆಕ್ಕ ಕಲಿಯುವ ಮಗುವಿನ ಇಂಗ್ಲಿಷ್ ಕೆಡುತ್ತದೆ ಅನ್ನುವವರ ಮಾತು ನನ್ನ ತಲೆಗೆ ಹೋಗುವುದೇ ಇಲ್ಲ.

ಪಕ್ಕದ ಮೇಜಿನಲ್ಲಿ ಒಬ್ಬ ಮೆಕ್ಸಿಕನ್ ತಾಯಿ ಕೂತಿದ್ದಳು. ಮಡಿಲಲ್ಲಿ ಒಂದು ಕೂಸು. ಪೆನ್ನು ಒತ್ತಿ ಹಿಡಿದು ಮೂರೂ ಕಡೆ ಬರೆದಳು: ಎಸ್ಪಾನ್ಯೋಲ್, ಎಸ್ಪಾನ್ಯೋಲ್, ಎಸ್ಪಾನ್ಯೋಲ್. ತಲೆ ಎತ್ತಿ ಯಾರನ್ನೂ ಕೇಳಲಿಲ್ಲ.

“ಬರ್ದ್ಬಿಡು,” ಗೆಳತಿ ಮತ್ತೆ ಅಂದಳು. “ಅವರಿಗೇನು ಗೊತ್ತಾಗತ್ತೆ?”

ಮಗಳು ಮೊದಲು ಆಡಿದ ಮಾತು ‘ಬೂವ’. ಅನ್ನದ ಬಟ್ಟಲಿಗೆ ಕೈ ಚಾಚಿ ಅಂದದ್ದು. ಮೊದಲೆರಡಕ್ಕೆ ಏನು ಬರೆಯಬೇಕೆಂದು ತಡವರಿಸಿದ್ದೆ. ಮೂರನೆಯದಕ್ಕೆ ಕೈ ತಡೆಯಲಿಲ್ಲ.

ನಿನ್ನೆ ಪರೀಕ್ಷೆ ಆಯಿತು. ಆ ಮೆಕ್ಸಿಕನ್ ತಾಯಿಯ ಮಗನೂ ಬಂದಿದ್ದ. ಬಾಗಿಲ ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಮಾತಿಲ್ಲದೆ ಮುಕ್ಕಾಲು ಗಂಟೆ ಕೂತಿದ್ದೆವು.