ಹರಳಿನ ಮೈಗೆ ಕಚ್ಚಿಕೊಳ್ಳುವ ಪ್ರೋಟೀನು

ಮೊನ್ನೆ ರಾತ್ರಿ ಎರಡು ಬಾರಿ ಕರೆಂಟು ಹೋಗಿ ಬಂತು. ಬೆಳಿಗ್ಗೆ ಐಸ್‌ಕ್ರೀಮ್ ಡಬ್ಬಿ ತೆರೆದರೆ ಮೇಲೆಲ್ಲ ಕಲ್ಲುಸಕ್ಕರೆಯಂಥ ಹರಳು. ನಾಲಿಗೆಗೆ ಮರಳು ತಾಗಿದಂತೆ. ಭೂತಗನ್ನಡಿ ಹಿಡಿದು ನೋಡಿದೆ. ಸಣ್ಣ ಹರಳುಗಳು ಕರಗಿ, ಆ ನೀರು ದೊಡ್ಡವಕ್ಕೆ ಅಂಟಿ ಅವು ಇನ್ನಷ್ಟು ಬೆಳೆದಿದ್ದವು.

ಇಂಥ ಹರಳು ಜೀವಕೋಶದೊಳಗೆ ಬೆಳೆದರೆ ಸಾವು. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಸೌಂಡ್ ಎಂಬ ಕಡಲ ಚಾಚಿನಲ್ಲಿ ನೀರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಮೀನಿನ ರಕ್ತ ಮೈನಸ್ 1 ಡಿಗ್ರಿ ತಲುಪುವ ಮೊದಲೇ ಮಂಜುಗಡ್ಡೆಯಾಗುತ್ತದೆ. ಅಲ್ಲಿನ ಮೀನುಗಳು ಮಾತ್ರ ಹಾಯಾಗಿ ಈಜುತ್ತವೆ. 1960ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಡಿವ್ರೀಸ್ ಅವುಗಳ ರಕ್ತದಲ್ಲಿ ಸಕ್ಕರೆಯ ಅಣುಗಳು ಅಂಟಿದ ಪ್ರೋಟೀನನ್ನು ಕಂಡುಕೊಂಡರು. ಉಪ್ಪಿನಂತೆ ಅದು ನೀರಿನಲ್ಲಿ ಕರಗಿ ಸುಮ್ಮನಿರುವುದಿಲ್ಲ. ಹುಟ್ಟುತ್ತಿರುವ ಹರಳಿನ ಮೈಗೇ ಅಲ್ಲಲ್ಲಿ ಕಚ್ಚಿಕೊಳ್ಳುತ್ತದೆ. ಮಂಜು ಆ ಪ್ರೋಟೀನುಗಳ ನಡುವಿನ ಸಂದುಗಳಲ್ಲಿ ಉಬ್ಬಿಕೊಂಡೇ ಬೆಳೆಯಬೇಕು. ಬಾಗಿದ ಮೈಗೆ ಹೊಸ ಅಣು ಸೇರುವುದು ಕಷ್ಟ. ಬೆಳವಣಿಗೆ ನಿಂತುಬಿಡುತ್ತದೆ. ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆಳಸಮುದ್ರದ ಅನಿಲ ಕೊಳವೆಗಳಲ್ಲೂ ಇಂಥದೇ ಸಂಕಟ. ಒತ್ತಡ ಮತ್ತು ಚಳಿಯಲ್ಲಿ ನೀರಿನ ಅಣುಗಳು ಮೀಥೇನ್ ಅನಿಲದ ಅಣುಗಳ ಸುತ್ತ ಪಂಜರ ಕಟ್ಟುತ್ತವೆ. ಮಂಜಿನಂಥ ಈ ಹೈಡ್ರೇಟ್ ಕೊಳವೆಯನ್ನೇ ಮುಚ್ಚಿಬಿಡಬಲ್ಲದು. ಅದನ್ನು ತಡೆಯಲು ವಿಷಕಾರಿ ಮೆಥನಾಲ್ ಸುರಿಯುವುದು ಹಳೆಯ ರೂಢಿ. ಪ್ರಯೋಗಾಲಯದಲ್ಲಿ ಮೀನಿನ ಹಿಮನಿರೋಧಕ ಪ್ರೋಟೀನುಗಳು ಹೈಡ್ರೇಟನ್ನೂ ನಿಧಾನಗೊಳಿಸಿವೆ. ಒಮ್ಮೆ ಕರಗಿದ ಹೈಡ್ರೇಟ್ ಎರಡನೇ ಸಲ ಬೇಗ ಕಟ್ಟುತ್ತದೆ, ನೀರಿಗೆ ನೆನಪು ಉಳಿದಂತೆ. ಕೆಲವು ಪ್ರೋಟೀನುಗಳು ಆ ನೆನಪನ್ನೂ ಅಳಿಸಿಹಾಕುತ್ತವೆ.