ಮುಳುಗಿದ ಊರು, ಮುಳುಗದ ಗುಡ್ಡದ ಗೆರೆ: ಹಳೇ ಕಾರ್ಡುಗಳ ಕೆಲಸ ಎಲ್ಲಿಗೆ ಬಂತು

ಹೋದ ಸಲ ಬರೆದಾಗ ನನ್ನ ಹತ್ರ ಇಂಗ್ಲೆಂಡಿನ ಎರಡು ಮುಳುಗಿದ ಊರುಗಳ 31 ಹಳೇ ಪಿಕ್ಚರ್ ಪೋಸ್ಟ್‌ಕಾರ್ಡುಗಳಿದ್ದವು. ಈಗ 58. ಅದರಲ್ಲಿ ನಾಲ್ಕು ದಂಡ. ಆ ಕತೆ ಆಮೇಲೆ ಹೇಳ್ತೀನಿ.

ಹೊಸದಾಗಿ ಓದುವವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ನಾನಿರುವುದು ಶೆಫೀಲ್ಡಿನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಹತ್ತು ಹನ್ನೆರಡು ಮೈಲಿ ಹೋದರೆ ಡರ್ಬಿಶೈರಿನ ಡರ್ವೆಂಟ್ ಕಣಿವೆ, ಅಲ್ಲಿ ಲೇಡಿಬವರ್ ಜಲಾಶಯ. ಅದರ ಅಡಿಯಲ್ಲಿ ಎರಡು ಊರುಗಳಿವೆ, ಆಶಪ್ಟನ್ ಮತ್ತು ಡರ್ವೆಂಟ್. 1935ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು, 1943ರಲ್ಲಿ ನೀರು ನಿಲ್ಲಿಸತೊಡಗಿದರು, 1945ರ ಸೆಪ್ಟೆಂಬರಿನಲ್ಲಿ ಆರನೇ ಜಾರ್ಜ್ ದೊರೆ ಬಂದು ಉದ್ಘಾಟಿಸಿ ಹೋದರು. ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್‌ನಂಥ ಊರುಗಳಿಗೆ ನೀರು ಬೇಕಿತ್ತು. ಶೆಫೀಲ್ಡಿಗೂ ಅದರಲ್ಲಿ ಪಾಲಿತ್ತು, ಹಾಗಾಗಿ ನಾನೇನೂ ದೂರ ನಿಂತು ಮಾತಾಡುವ ಹಾಗಿಲ್ಲ.

ನಾನು ಮಾಡ್ತಿರುವುದು ಇಷ್ಟೇ. ಆ ಎರಡು ಊರುಗಳ ಹಳೇ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು ಸಂತೆಯಲ್ಲೋ ಆನ್‌ಲೈನಿನಲ್ಲೋ ಸಿಕ್ಕಿದಷ್ಟು ಕೊಳ್ಳೋದು, ಸ್ಕ್ಯಾನ್ ಮಾಡೋದು, ಪ್ರತಿ ಚಿತ್ರ ತೆಗೆದವನು ಎಲ್ಲಿ ನಿಂತಿದ್ದ ಅಂತ ನಕಾಶೆಯ ಮೇಲೆ ಗುರುತು ಹಾಕೋದು. ಬೇರೆ ಊರಾದರೆ ಇದು ಸುಲಭ. ಅದೇ ಬೀದಿಗೆ ಹೋಗಿ, ಅದೇ ಮೂಲೆಯಲ್ಲಿ ನಿಂತು, ಇನ್ನೊಂದು ಫೋಟೋ ತೆಗೆದು ‘ಅಂದು ಇಂದು’ ಅಂತ ಪಕ್ಕಪಕ್ಕ ಇಟ್ಟರೆ ಮುಗೀತು. ಇಲ್ಲಿ ಆ ಮೂಲೆಯೇ ನೀರೊಳಗಿದೆ.

ಸಾಗರ ಸೀಮೆಯವಳಾದ ನನಗೆ ‘ಮುಳುಗಡೆ’ ಅನ್ನೋ ಪದ ಹೊಸದಲ್ಲ. ಅಜ್ಜಿಯ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹೋಯಿತು, 1964ರಲ್ಲಿ. ಹೋದ ತಿಂಗಳು ಫೋನಿನಲ್ಲಿ ಈ ಕಾರ್ಡುಗಳ ವಿಷಯ ಹೇಳಿದಾಗ ಅಮ್ಮ, “ಎಂತ ಮಾರಾಯ್ತಿ, ಯಾರದೋ ಊರಿನ ಹಳೇ ಕಾಗದಕ್ಕೆ ಪೌಂಡುಗಟ್ಟಲೆ ಸುರೀತೀಯ, ನಮ್ಮನೇದೇ ಒಂದಿದೆ ತಗೋ” ಅಂತ ಒಂದು ಫೋಟೋ ಕಳಿಸಿದರು. ಮದುವೆ ಗುಂಪು, ಅಜ್ಜಿ ಎಡಗಡೆ ಮೂರನೆಯವರು. ಹಿಂದೆ ಬರೀ ಸುಣ್ಣದ ಗೋಡೆ. ಗುಡ್ಡ ಇಲ್ಲ, ಮರ ಇಲ್ಲ, ಮಾಡಿನ ಅಂಚೂ ಇಲ್ಲ. ನನ್ನ ವಿದ್ಯೆಯೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಯಾಕೆ ಗುಡ್ಡ ಬೇಕು ಅಂತೀರಾ? ಅದೇ ಈ ಸಲದ ಮುಖ್ಯ ಸುದ್ದಿ.

ಮನೆ ಹೋದರೂ, ರಸ್ತೆ ಹೋದರೂ, ಗುಡ್ಡದ ನೆತ್ತಿಯ ಗೆರೆ ಹೋಗುವುದಿಲ್ಲ. ಡರ್ವೆಂಟ್ ಊರಿನ ಪೂರ್ವಕ್ಕೆ ಡರ್ವೆಂಟ್ ಎಡ್ಜ್ ಅನ್ನುವ ಉದ್ದನೆಯ ದಿಬ್ಬ. ಅದರ ಮೇಲೆ ವೀಲ್ ಸ್ಟೋನ್ಸ್ ಅಂತ ಬಂಡೆಗಳ ರಾಶಿ. ದೂರದಿಂದ ಕುದುರೆ ಸಾರೋಟಿನ ಹಾಗೆ ಕಾಣುತ್ತದೆ ಅಂತ ಅದಕ್ಕೆ ‘ಕೋಚ್ ಅಂಡ್ ಹಾರ್ಸಸ್’ ಅಂತಲೂ ಹೆಸರಿದೆ. ನನ್ನ 17ನೇ ಕಾರ್ಡಿನಲ್ಲಿ ಒಂದು ಮನೆಯ ಹೊಗೆಗೂಡಿನ ನೇರ ಮೇಲೆ ಆ ಬಂಡೆಗಳು ಅಕ್ಕಿಕಾಳಿನಷ್ಟು ಕಾಣುತ್ತವೆ. ಅಂದರೆ ಕ್ಯಾಮೆರಾ, ಹೊಗೆಗೂಡು, ಬಂಡೆ ಮೂರೂ ಒಂದೇ ಗೆರೆಯಲ್ಲಿವೆ. ಅದೇ ಕಾರ್ಡಿನ ಬಲಗಡೆ ಇಗರ್ಜಿ ಗೋಪುರದ ಮೂಲೆ ದಿಬ್ಬದ ಒಂದು ತಗ್ಗಿಗೆ ಸರಿಯಾಗಿ ಕೂತಿದೆ. ಅದು ಎರಡನೇ ಗೆರೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನವರು ಆರ್ಡ್ನೆನ್ಸ್ ಸರ್ವೇ (ಬ್ರಿಟನ್ನಿನ ಸರಕಾರಿ ನಕಾಶೆ ಇಲಾಖೆ) ಮಾಡಿದ ಹಳೇ ನಕಾಶೆಗಳನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಹಾಕಿದ್ದಾರೆ, ಇಂಗ್ಲೆಂಡಿನದ್ದೂ ಸೇರಿಸಿ (ಪುಣ್ಯಾತ್ಮರು). ಅದರಲ್ಲಿ ಮೈಲಿಗೆ ಆರಿಂಚಿನ ನಕಾಶೆ ತೆರೆದು, ಎರಡು ಗೆರೆ ಎಳೆದೆ. ಕೂಡಿದ ಜಾಗವೇ ಫೋಟೋಗ್ರಾಫರ್ ನಿಂತ ಜಾಗ. ಆಮೇಲೆ ಮೇಲಿನ ನಕಾಶೆಯನ್ನು ಮೆಲ್ಲಗೆ ಮಂಕು ಮಾಡ್ತಾ ಹೋದರೆ ಅಡಿಯಿಂದ ಇವತ್ತಿನ ನಕಾಶೆ ಮೂಡುತ್ತದೆ. ಗದ್ದೆಯಂಚಿನಲ್ಲಿದ್ದ ನನ್ನ ಚುಕ್ಕಿ ಸುತ್ತ ನೀಲಿ ಬಣ್ಣ ತುಂಬಿಕೊಂಡಿತು.

ಕೇಳೋಕೆ ಒಂದು ಸಂಜೆಯ ಕೆಲಸದ ಹಾಗಿದೆ, ಅಲ್ವಾ? ಮೂರು ವಾರ ಹಿಡಿಯಿತು, ಅದೂ ನನ್ನದೇ ದಡ್ಡತನದಿಂದ. ಸ್ಕ್ಯಾನರಿನಲ್ಲಿ ‘ದೂಳು ತೆಗೆ’ ಅಂತ ಒಂದು ಬಟನ್ ಇದೆ, ಚಿತ್ರ ಚೊಕ್ಕ ಆಗಲಿ ಅಂತ ಮೊದಲ ದಿನವೇ ಒತ್ತಿಟ್ಟಿದ್ದೆ. ಆಕಾಶದ ಅಂಚಿನಲ್ಲಿದ್ದ ವೀಲ್ ಸ್ಟೋನ್ಸನ್ನು ಅದು ದೂಳು ಅಂತ ತಿಳಿದು ನೀಟಾಗಿ ಒರೆಸಿಹಾಕಿತ್ತು! ಸ್ಕ್ರೀನಿನಲ್ಲಿ ಬೋಳು ದಿಬ್ಬ ನೋಡ್ತಾ, ಇದು ಬೇರೆ ಯಾವುದೋ ಗುಡ್ಡ ಇರಬೇಕು ಅಂತ ನಾನು ಕಣಿವೆಯೆಲ್ಲ ಹುಡುಕಾಡಿದೆ. ಕೊನೆಗೊಂದು ರಾತ್ರಿ ಸುಮ್ನೆ ಮೂಲ ಕಾರ್ಡನ್ನೇ ಭೂತಗನ್ನಡಿಯಲ್ಲಿ ನೋಡಿದರೆ ಬಂಡೆಗಳು ಅಲ್ಲೇ ಕೂತಿವೆ. 58 ಕಾರ್ಡುಗಳನ್ನೂ ಮತ್ತೆ ಸ್ಕ್ಯಾನ್ ಮಾಡ್ತಿದ್ದೀನಿ. 1200 ಡಿಪಿಐ (ಇಂಚಿಗೆ 1200 ಚುಕ್ಕಿ), ಎಲ್ಲ ಬಟನ್ನೂ ಆಫ್, ಮುಂದೆ ಹಿಂದೆ ಎರಡೂ. ಇವತ್ತಿಗೆ 40 ಮುಗಿದಿವೆ.

ಆ 17ನೇ ಕಾರ್ಡಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಜಲಾಶಯದ ಪಶ್ಚಿಮ ದಡದ ರಸ್ತೆಗೆ ಬರುತ್ತದೆ. ಅಲ್ಲಿಗೆ ಹೋದೆ. ಪೈನ್ ಮರಗಳು ಅಡ್ಡ. ಅತ್ತಿತ್ತ ಓಡಾಡಿ ಒಂದು ಸಂದು ಹುಡುಕಿ ತೆಗೆದ ಫೋಟೋದಲ್ಲಿ ಗುಡ್ಡದ ಗೆರೆ ಕಾರ್ಡಿನ ಗೆರೆಯ ಮೇಲೆ ಹೆಚ್ಚುಕಮ್ಮಿ ಸರಿಯಾಗಿ ಕೂತಿತು. ಕೆಳಗಿನ ಅರ್ಧ ಮಾತ್ರ ಬೇರೆ. ಒಂದರಲ್ಲಿ ಹೊಗೆಗೂಡು, ಬೇಲಿ, ಒಣಹಾಕಿದ ಬಟ್ಟೆ. ಇನ್ನೊಂದರಲ್ಲಿ ನೀರು, ನಾಲ್ಕು ಬಾತುಕೋಳಿ.

ಈಗ ದಂಡದ ವಿಷಯ. ಆನ್‌ಲೈನಿನಲ್ಲಿ ಒಬ್ಬರು ನಾಲ್ಕು ಕಾರ್ಡು ‘ಅಸಲಿ ಫೋಟೋ’ ಅಂತ ಮಾರಿದರು. ಬಂದ ಮೇಲೆ ಭೂತಗನ್ನಡಿ ಇಟ್ಟು ನೋಡಿದರೆ ಸಾಲು ಸಾಲು ಚುಕ್ಕಿ. ಚುಕ್ಕಿ ಇದ್ದರೆ ಅಚ್ಚು, ಚುಕ್ಕಿ ಇಲ್ಲದೆ ಬಣ್ಣ ನಯವಾಗಿ ಹರಡಿದ್ದರೆ ನಿಜವಾದ ಫೋಟೋ ಕಾಗದ. ಅಚ್ಚಿನ ಕಾರ್ಡು ಕೆಟ್ಟದ್ದೇನಲ್ಲ, ಆದರೆ ದೊಡ್ಡದು ಮಾಡಿದಷ್ಟೂ ಚುಕ್ಕಿಯೇ ದೊಡ್ಡದಾಗುತ್ತದೆ, ಬಂಡೆ ಕಾಣುವುದಿಲ್ಲ. ನನ್ನ ಕೆಲಸಕ್ಕೆ ಪ್ರಯೋಜನವಿಲ್ಲ.

ಕಾರ್ಡಿನ ಕಾಲ ಹೇಳುವುದಕ್ಕೆ ನಾನು ಬಳಸುವ ಗುರುತುಗಳನ್ನು ಕೆಲವರು ಕೇಳಿದ್ದರು. ಹಿಂಬದಿಯಲ್ಲಿ ನಡುವೆ ಗೀಟು ಎಳೆದು ಒಂದು ಕಡೆ ಒಕ್ಕಣೆ, ಒಂದು ಕಡೆ ವಿಳಾಸ ಅಂತಿದ್ದರೆ ಅದು 1902ರಿಂದ ಈಚಿನದು. ಅದಕ್ಕೂ ಹಿಂದೆ ಹಿಂಬದಿಯೆಲ್ಲ ವಿಳಾಸಕ್ಕೇ ಮೀಸಲು, ಹೇಳಬೇಕಾದ್ದನ್ನು ಚಿತ್ರದ ಪಕ್ಕದಲ್ಲೇ ತುರುಕಬೇಕಿತ್ತು. ಇನ್ನು ಅಂಚೆಚೀಟಿ. 1918ರ ಜೂನ್‌ವರೆಗೆ ದೇಶದೊಳಗೆ ಕಾರ್ಡಿಗೆ ಅರ್ಧ ಪೆನ್ನಿ, ಆಮೇಲೆ ಒಂದು ಪೆನ್ನಿ. ಹಸಿರು ಅರ್ಧ ಪೆನ್ನಿಯ ಚೀಟಿ ಒಂದೇ ಇದ್ದು ಅದರಲ್ಲಿ ಐದನೇ ಜಾರ್ಜ್ ಮುಖವಿದ್ದರೆ 1911ರಿಂದ 1918ರ ನಡುವೆ ಅಂತ ಥಟ್ಟನೆ ಹೇಳಬಹುದು. ಆದರೆ ಇದೆಲ್ಲ ಹೇಳುವುದು ಕಾರ್ಡನ್ನು ಯಾವಾಗ ಅಂಚೆಗೆ ಹಾಕಿದರು ಅಂತ ಮಾತ್ರ. ಫೋಟೋ ಯಾವಾಗ ತೆಗೆದದ್ದು ಅನ್ನೋದು ಬೇರೆಯೇ ಪ್ರಶ್ನೆ, ಅದರಲ್ಲೇ ನಾನು ಎಡವಿದ್ದು.

ಎಲ್ಲರಿಗೂ ಗೊತ್ತಿರುವ ಚಿತ್ರ ಒಂದಿದೆ. ಸುತ್ತ ನೀರು, ನಡುವೆ ಡರ್ವೆಂಟ್ ಇಗರ್ಜಿಯ ಶಿಖರ ಒಂಟಿಯಾಗಿ ನಿಂತಿದೆ. ಊರಿನ ಬೇರೆ ಕಟ್ಟಡಗಳನ್ನೆಲ್ಲ ಹೆಚ್ಚುಕಡಿಮೆ ಕೆಡವಿದರು, ಇಗರ್ಜಿ ಅಂಗಳದ ಹೆಣಗಳನ್ನು ತೆಗೆದು ಹತ್ತಿರದ ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಹೂಳಿದರು, ಗೋಪುರವನ್ನು ಮಾತ್ರ ಬಿಟ್ಟರು. ಇಗರ್ಜಿಯ ಕೊನೇ ಪ್ರಾರ್ಥನೆ 1943ರ ಮಾರ್ಚಿನಲ್ಲಿ. 1947ರ ಡಿಸೆಂಬರ್ 15ರಂದು ಅಪಾಯ ಅಂತ ಸಿಡಿಮದ್ದಿಟ್ಟು ಗೋಪುರವನ್ನೂ ಬೀಳಿಸಿದರು. ಹಾಗಾಗಿ ನೀರಿನ ನಡುವೆ ಶಿಖರವಿದ್ದರೆ ಆ ಫೋಟೋ ಆ ನಾಲ್ಕೈದು ವರ್ಷದ್ದೇ, ಬೇರೆ ಮಾತೇ ಇಲ್ಲ. ಆದರೆ ನನ್ನ ಹತ್ರ ಇರುವ ಅಂಥ ಕಾರ್ಡಿನಲ್ಲಿ ಎಲಿಜಬೆತ್ ರಾಣಿಯ ಎರಡು ಪೆನ್ನಿ ಚೀಟಿ, 1955ರ ಮುದ್ರೆ. ಶಿಖರ ಬಿದ್ದು ಏಳೆಂಟು ವರ್ಷವಾದ ಮೇಲೂ ಅಂಗಡಿಯಲ್ಲಿ ಕಾರ್ಡು ಮಾರ್ತಾನೇ ಇದ್ದರು.

ಇದು ಯಾಕೆ ಮುಖ್ಯ ಅಂದರೆ, ಚಿತ್ರದ ಜತೆ ಆ ಕಡೆಯ ಜನರ ನೆನಪುಗಳನ್ನೂ ಬರೆದಿಟ್ಟುಕೊಳ್ತಿದ್ದೀನಿ. ಬ್ಯಾಮ್‌ಫರ್ಡ್ ಕಡೆಯ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಹುಟ್ಟಿದ್ದು 1948ರಲ್ಲಿ. ಚಹಾ ಕೊಟ್ಟು ಕೂರಿಸಿಕೊಂಡು, ಐದಾರು ವರ್ಷದವಳಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಶಿಖರ ತೋರಿಸಿದ್ದನ್ನು ಹೇಳಿದರು. ಗಾಳಿ ಹೇಗಿತ್ತು, ಅಪ್ಪನ ಕೋಟಿನಿಂದ ಹೊಗೆಸೊಪ್ಪಿನ ವಾಸನೆ ಹೇಗೆ ಬರ್ತಿತ್ತು, ಎಲ್ಲ ಹೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಿದ್ದೆ. ಆಮೇಲೆ ಆಲ್ಬಮ್ ತಂದರು. ಮೊದಲ ಪುಟದಲ್ಲೇ ಅದೇ ಕಾರ್ಡು, ನನ್ನ ಹತ್ರ ಇರುವ ಅದೇ ಚಿತ್ರ, ಮೂಲೆಗಳು ಬೆರಳಾಡಿ ಸವೆದಿವೆ.

ಹೇಳಲೋ ಬೇಡವೋ ಅಂತ ತುಂಬ ಒದ್ದಾಡಿದೆ. ಕೊನೆಗೆ ಹೇಳಿದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, “ಹಾಗಾದರೆ ಅಪ್ಪ ಏನು ತೋರಿಸ್ತಿದ್ದರು?” ಅಂತ ನನ್ನನ್ನೇ ಕೇಳಿದರು. ಬಹುಶಃ ಶಿಖರ ಇದ್ದ ಜಾಗವನ್ನೇ ತೋರಿಸಿರಬೇಕು. ಉಳಿದದ್ದನ್ನು ಆಮೇಲೆ ಕಾರ್ಡು ತುಂಬಿಕೊಟ್ಟಿತು ಅನ್ನಿಸುತ್ತೆ. ಬರಗಾಲದಲ್ಲಿ ಶಿಖರ ಕಂಡೆ ಅನ್ನುವವರೂ ನನಗೆ ಇಬ್ಬರು ಸಿಕ್ಕಿದ್ದಾರೆ. 1976, 1995, 2018, 2022ರಲ್ಲಿ ನೀರು ಇಳಿದಾಗ ಕಂಡದ್ದು ಗೋಡೆಯ ಬುಡ, ಕಲ್ಲುರಾಶಿ, ಬಿರುಕುಬಿಟ್ಟ ಕೆಸರು. ಶಿಖರ ಇರಲು ಸಾಧ್ಯವೇ ಇಲ್ಲ. ಈಗ ನನ್ನ ಪಟ್ಟಿಯಲ್ಲಿ ನೆನಪುಗಳಿಗೆ ‘ಕಂಡದ್ದು’, ‘ಕೇಳಿದ್ದು’, ‘ಕಾರ್ಡಿನಲ್ಲಿ ನೋಡಿದ್ದು’ ಅಂತ ಮೂರು ಕಾಲಮ್ ಮಾಡಿದ್ದೀನಿ. ಆ ಹಿರಿಯರ ಮಾತು ಮೂರರಲ್ಲೂ ಇದೆ. ಕೋಟಿನ ವಾಸನೆಯನ್ನು ‘ಕಂಡದ್ದು’ ಕಾಲಮಿಗೇ ಹಾಕಿದೆ. ಅದನ್ನು ಯಾವ ಕಾರ್ಡೂ ಕೊಟ್ಟಿರಲಾರದು.

ಬರ್ಚಿನ್‌ಲೀ ಕಾರ್ಡುಗಳು ಐದು ಬಂದಿವೆ. ಇದೇ ಕಣಿವೆಯ ಮೇಲ್ಭಾಗದ ಹೌಡನ್, ಡರ್ವೆಂಟ್ ಅಣೆಕಟ್ಟುಗಳನ್ನು ಕಟ್ಟಿದ ಕೆಲಸಗಾರರಿಗಾಗಿ 1900ರ ದಶಕದ ಮೊದಲಲ್ಲಿ ಎಬ್ಬಿಸಿದ ತಗಡಿನ ಊರು ಅದು, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ಇತ್ತು. ಕೆಲಸ ಮುಗಿದ ಮೇಲೆ ಬಿಚ್ಚಿಹಾಕಿದರು. ಅದರ ಬಗ್ಗೆ ಬೇರೆಯಾಗಿ ಬರೀಬೇಕು, ಇಲ್ಲಿ ತುರುಕಲ್ಲ.

ಸೇತುವೆಗೂ ಹೋಗಿಬಂದೆ. ಡರ್ವೆಂಟ್ ಊರಿನಲ್ಲಿ ಹೇರುಕುದುರೆಗಳು ದಾಟುತ್ತಿದ್ದ ಎರಡು ಕಮಾನಿನ ಕಲ್ಲಿನ ಸೇತುವೆ ಇತ್ತು. ಅದನ್ನು ಮುಳುಗಲು ಬಿಡದೆ ಕಲ್ಲು ಕಲ್ಲಾಗಿ ಬಿಚ್ಚಿ ಇಟ್ಟು, 1959ರಲ್ಲಿ ಹೌಡನ್ ಜಲಾಶಯದ ಮೇಲ್ತುದಿಯಲ್ಲಿ ಸ್ಲಿಪರಿ ಸ್ಟೋನ್ಸ್ ಅನ್ನುವ ಕಡೆ ಮತ್ತೆ ಜೋಡಿಸಿದರು. ಫೇರ್‌ಹೋಮ್ಸ್‌ನಲ್ಲಿ ಕಾರು ಬಿಟ್ಟರೆ ಹೋಗಿಬರೋಕೆ ಇಡೀ ದಿನದ ನಡಿಗೆ. ಬೇರೆ ಕಾರ್ಡುಗಳಲ್ಲಿ ಗುಡ್ಡ ಹೊಂದುತ್ತದೆ, ಕಲ್ಲು ಇಲ್ಲ. ಇಲ್ಲಿ ಕಲ್ಲು ಇದೆ, ಗುಡ್ಡ ಹೊಂದಲ್ಲ! ಕಾರ್ಡು ಹಿಡ್ಕೊಂಡು ಕಮಾನಿನ ಒಂದೊಂದು ಕಲ್ಲೂ ತಾಳೆ ನೋಡಿದೆ, ಬೆರಳು ಮರಗಟ್ಟುವವರೆಗೆ. ರಾತ್ರಿ ಸ್ಕ್ರೀನಿನ ಮುಂದೆ ಕೂತಾಗ ಮೂರು ಕಲ್ಲು ಅದೇ ಅಂತ ಖಾತ್ರಿಯಾಯಿತು. ಬೆಳಗ್ಗೆ ಎದ್ದು ನೋಡಿದರೆ ಒಂದೂ ಖಾತ್ರಿಯಿಲ್ಲ. ಇನ್ನೊಮ್ಮೆ ಹೋಗಬೇಕು, ಬಿಸಿಲಿರುವ ದಿನ.

ಸದ್ಯಕ್ಕೆ ತಲೆ ತಿನ್ನುತ್ತಿರುವುದು 52ನೇ ಕಾರ್ಡು. ಆಶಪ್ಟನ್ನಿನ ಬೀದಿ, 1913ರ ಮುದ್ರೆ. ಮಹಡಿಯ ಒಂದು ಕಿಟಕಿಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಪುಟ್ಟ ಗುಣಾಕಾರದ ಗುರುತು ಹಾಕಿದ್ದಾರೆ. ಹಿಂದೆ ತಿರುಗಿಸಿದರೆ, ಗುರುತು ಹಾಕಿದ್ದು ನಮ್ಮ ಕೋಣೆ, ಮಳೆ ಬಿಟ್ಟಿಲ್ಲ, ಊಟ ಚೆನ್ನಾಗಿದೆ ಅಂತ ಮೂರೇ ಮಾತು. ಆ ಕಿಟಕಿ ಇದ್ದ ಜಾಗವನ್ನು ನಕಾಶೆಯ ಮೇಲೆ ಗುರುತಿಸಬೇಕು ಅಂತ ಹಟ ಹಿಡಿದಿದ್ದೀನಿ. ಮಾಡಿನ ಅಂಚು ಮತ್ತು ವಿನ್ ಹಿಲ್ಲಿನ ನೆತ್ತಿ ಸೇರಿ ಒಂದು ಗೆರೆ ಸಿಕ್ಕಿದೆ. ಎರಡನೆಯದಕ್ಕೆ ಎಡಗಡೆಯ ದೊಡ್ಡ ಮರ ಅಡ್ಡ ಬಂದಿದೆ. ಇದೇ ಬೀದಿಯನ್ನು ನಾಲ್ಕು ಹೆಜ್ಜೆ ಆಚೀಚೆ ನಿಂತು ತೆಗೆದ ಇನ್ನೊಂದು ಕಾರ್ಡು ಸಿಕ್ಕರೂ ಸಾಕು.

ಯಾರ ಹತ್ರವಾದರೂ ಇದ್ದರೆ ಕೊಡಬೇಕಾಗಿಲ್ಲ, ಸ್ಕ್ಯಾನ್ ಮಾಡಿ ಕಳಿಸಿ ಸಾಕು, ಹಿಂಬದಿಯನ್ನೂ ಸೇರಿಸಿ. ದೂಳು ತೆಗೆಯೋ ಬಟನ್ ಮಾತ್ರ ಒತ್ತಬೇಡಿ.